ಸಂಬಳದ ಶೀಟಿನ ಕೊನೆಯ ಕಾಲಂ

2017ರ ಆಗಸ್ಟ್ ಕೊನೆ. ಗಣೇಶನ ಹಬ್ಬ ಮುಗಿದು ಇನ್ನೂ ವಾರ ಆಗಿತ್ತಷ್ಟೆ. ಪೀಣ್ಯದಿಂದ ಮನೆಗೆ ಬಂದವಳೇ ಕುಕ್ಕರ್ ಇಟ್ಟು, ಸೀಟಿ ಎಣಿಸುತ್ತಾ ಮೊಬೈಲ್ ಹಿಡಿದು ನಿಂತಿದ್ದೆ. ಅಕೌಂಟ್ಸ್‌ನ ಹುಡುಗ ಸಂಜೆಯಿಂದ ಮೂರು ಸಲ ಮೆಸೇಜ್ ಹಾಕಿದ್ದ. 'ಮೇಡಂ, ಫೈನಲ್ ಸ್ಯಾಲರಿ ಶೀಟ್ ಇವತ್ತೇ ಕಳಿಸಿಬಿಡಿ, ಬೆಳಿಗ್ಗೆ ಬ್ಯಾಂಕಿಗೆ ಹಾಕಬೇಕು.' ಕಳಿಸಿಬಿಟ್ಟೆ. ಕಳಿಸಿದ್ದು ಅವನಿಗಲ್ಲ, ಅವನ ಹೆಸರಿನ ಮೇಲಿನ ಸಾಲಿನಲ್ಲಿದ್ದ ಫ್ಯಾಕ್ಟರಿ ಗ್ರೂಪಿಗೆ. ಶಿಫ್ಟ್ ಬದಲಾವಣೆ, ನೀರಿನ ಟ್ಯಾಂಕರ್ ಬಂತೋ ಇಲ್ಲವೋ, ಆಯುಧಪೂಜೆಗೆ ಎಷ್ಟು ಚಂದಾ ಎಂಬಂಥ ವಿಷಯಗಳಿಗೆ ನಾನೇ ಮಾಡಿದ್ದ ಗ್ರೂಪು. ಅದರಲ್ಲಿ 86 ಜನ ಇದ್ದರು.

ಗೊತ್ತಾದದ್ದು ಐದನೇ ಸೀಟಿ ಹೊತ್ತಿಗೆ. ಕಳಿಸಿದ್ದನ್ನು ಎಲ್ಲರ ಮೊಬೈಲಿನಿಂದಲೂ ಅಳಿಸುವ ಸೌಲಭ್ಯ ವಾಟ್ಸ್‌ಆ್ಯಪಿಗೆ ಆಗಿನ್ನೂ ಬಂದಿರಲಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿ 'ದಯವಿಟ್ಟು ಡಿಲೀಟ್ ಮಾಡಪ್ಪಾ' ಎಂದು ಬೇಡಿಕೊಳ್ಳುತ್ತಾ ರಾತ್ರಿ ಹನ್ನೊಂದೂವರೆ ಆಯಿತು. ಎಲ್ಲರೂ 'ಆಯ್ತು ಮೇಡಂ' ಎಂದರು. ಫೋನ್ ಮಾಡುವವರೆಗೆ ಅದನ್ನು ತೆರೆದೇ ನೋಡದಿದ್ದವರೂ ನಾನು ಇಟ್ಟ ಮೇಲೆ ತೆರೆದು ನೋಡಿದರು ಎಂದು ಆಮೇಲೆ ತಿಳಿಯಿತು.

ಮರುದಿನ ಮೆಷಿನ್ ಶಾಪಿನಲ್ಲಿ ಲೇತ್‌ಗಳ ಸದ್ದು ಬಿಟ್ಟರೆ ಮಾತಿಲ್ಲ. ಟೀ ಹೊತ್ತಿಗೆ, ಹದಿನಾಲ್ಕು ವರ್ಷದಿಂದ ಇದ್ದ ಟರ್ನರ್ ಒಬ್ಬ ಬಂದ. ನಿನ್ನೆ ಮೊನ್ನೆ ಸೇರಿದವನಿಗೆ ತನಗಿಂತ 1,100 ರೂಪಾಯಿ ಜಾಸ್ತಿ ಯಾಕೆ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಎಂ.ಡಿ. ಕೂತು ಮಾತಾಡಿ ಆ ಜಗಳ ಬಗೆಹರಿಸಿದರು. ಬಗೆಹರಿಯದೇ ಉಳಿದದ್ದು ಶೀಟಿನ ಕೊನೆಯ ಕಾಲಂ. ಪಿಎಫ್, ಇಎಸ್‌ಐ, ಹಬ್ಬದ ಅಡ್ವಾನ್ಸ್ ಎಲ್ಲ ಆದ ಮೇಲೆ 'ಕೋರ್ಟ್ ಕಡಿತ' ಅಂತ ಒಂದು ಕಾಲಂ ಇತ್ತು. ಇಡೀ ಶೀಟಿನಲ್ಲಿ ಅದರಲ್ಲಿ ಅಂಕಿ ಇದ್ದದ್ದು ಒಂದೇ ಸಾಲಿಗೆ. ಗ್ರೈಂಡಿಂಗ್ ಸೆಕ್ಷನ್ನಿನ, ಹಾವೇರಿ ಕಡೆಯ ಒಬ್ಬನದು. ಹೆಂಡತಿಗೆ ಜೀವನಾಂಶ ಸಂಬಳದಲ್ಲೇ ಹಿಡಿದು ಕಟ್ಟಬೇಕೆಂದು ನ್ಯಾಯಾಲಯದ ಆದೇಶ ಬಂದಿತ್ತು. ಅದು ನನಗೆ, ಅಕೌಂಟ್ಸ್‌ನವರಿಗೆ, ಎಂ.ಡಿ.ಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ರೂಮಿನವರ ಹತ್ತಿರ ಅವನು 'ಹೆಂಡ್ತಿ ಊರಾಗದಾಳ' ಎಂದಷ್ಟೇ ಹೇಳಿಕೊಂಡಿದ್ದ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಾರೋ ಕೇಳಿದರಂತೆ, 'ಏನಣ್ಣಾ, ಕೋರ್ಟಿಗೂ ಸಂಬಳ ಕೊಡ್ತೀಯಂತೆ?'

ಮೂರನೇ ದಿನ ನನ್ನ ಟೇಬಲ್ ಮುಂದೆ ಬಂದು ನಿಂತ. 'ನೀವು ಬೇಕಂತ ಮಾಡಿಲ್ರಿ ಮೇಡಂ, ಅದು ನನಗ ಗೊತ್ತೈತಿ. ಆದ್ರ ನಾ ಇಲ್ಲಿ ಹೆಂಗ ಮುಖ ಎತ್ತಿ ಕೆಲಸ ಮಾಡ್ಲಿ?' ಹತ್ತು ದಿನಕ್ಕೆ ಬಿಟ್ಟುಹೋದ.

ಇದೇ ಘಟನೆಯ ಹಿಂದಿನ ವಾರ, ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತ್ತು. ಆ ಮೊಕದ್ದಮೆಗೆ ನಮ್ಮವರದೇ ಹೆಸರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಹಾಕಿದ್ದ ಅರ್ಜಿ ಅದು. ಪತ್ರಿಕೆಯ ಮುಖಪುಟದಲ್ಲಿ ಅವರ ಫೋಟೋ ನೋಡಿ ನಾನು ಹೆಮ್ಮೆಪಟ್ಟಿದ್ದೆ. ಅದು ದೊಡ್ಡವರ ವಿಷಯ, ಸರ್ಕಾರಕ್ಕೂ ಪ್ರಜೆಗೂ ಸಂಬಂಧಪಟ್ಟದ್ದು ಅಂದುಕೊಂಡು ಪೇಪರ್ ಮಡಚಿಟ್ಟಿದ್ದೆ. ನನ್ನ ಟೇಬಲ್ಲಿನ ಡ್ರಾಯರಿಗೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದದ್ದು ಹಾವೇರಿಯವನು ಕೆಲಸ ಬಿಟ್ಟುಹೋದ ಮೇಲೆ.

ನಾನು ಈ ಕೆಲಸಕ್ಕೆ ಸೇರಿದ್ದು 1996ರಲ್ಲಿ, ಟೈಮ್ ಆಫೀಸ್ ಕ್ಲರ್ಕ್ ಆಗಿ. ಆಗ ಎಚ್‌ಆರ್ ಎಂಬ ಹೆಸರಿರಲಿಲ್ಲ, ಪರ್ಸನಲ್ ಡಿಪಾರ್ಟ್‌ಮೆಂಟ್ ಎನ್ನುತ್ತಿದ್ದರು. ಒಂದು ಕಬ್ಬಿಣದ ಬೀರು, ಅದರ ತುಂಬ ದಾರ ಕಟ್ಟಿದ ಫೈಲುಗಳು. ಬೀರುವಿನ ಕೀ ಟೀ ತರುವ ಹುಡುಗನ ಹತ್ತಿರವೂ ಇರುತ್ತಿತ್ತು, ಏಕೆಂದರೆ ಸಕ್ಕರೆ ಡಬ್ಬಿಯನ್ನೂ ಅದರಲ್ಲೇ ಇಡುತ್ತಿದ್ದೆವು. ನಗಬೇಡಿ. ನಿಮ್ಮ ಆಫೀಸಿನ ಬೀರುವಿನಲ್ಲಿ ಏನೇನಿದೆಯೋ ಒಮ್ಮೆ ನೋಡಿಬನ್ನಿ.

ಒಬ್ಬ ಮನುಷ್ಯನ ಬಗ್ಗೆ ಅವನ ಮನೆಯವರಿಗೂ ಗೊತ್ತಿಲ್ಲದಷ್ಟು ವಿಷಯ ಒಂದು ಪರ್ಸನಲ್ ಫೈಲಿನಲ್ಲಿರುತ್ತದೆ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು, ಎಷ್ಟನೇ ಸಲಕ್ಕೆ ಪಾಸಾದ ಎಂಬುದೂ ಸೇರಿ. ಆಧಾರ್ ಜೆರಾಕ್ಸ್, ಪ್ಯಾನ್ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಪಿಎಫ್ ನಾಮಿನಿ ಯಾರು, ಹೆಂಡತಿಯೋ ತಾಯಿಯೋ. ಇಎಸ್‌ಐಗೆ ಕೊಟ್ಟ ಮನೆಮಂದಿಯ ವಿವರ. ಡಾಕ್ಟರ ಸರ್ಟಿಫಿಕೇಟು. ಹಿಂದಿನ ಕಂಪನಿ ಯಾಕೆ ಬಿಟ್ಟ. ಯಾವ ಸೊಸೈಟಿಯಲ್ಲಿ ಎಷ್ಟು ಸಾಲ. ಮಗು ಕಳೆದುಕೊಂಡವಳ ರಜೆ ಅರ್ಜಿ. ಇವೆಲ್ಲ ಅವರು ನಮ್ಮ ಮೇಲಿನ ಪ್ರೀತಿಗೆ ಕೊಟ್ಟದ್ದಲ್ಲ, ಕೊಡದಿದ್ದರೆ ಕೆಲಸ ಸಿಗದು ಎಂದು ಕೊಟ್ಟದ್ದು. ಒತ್ತೆ ಇಟ್ಟ ಒಡವೆಯ ಹಾಗೆ. ನಾವದನ್ನು ಹಾಕಿಕೊಂಡು ಮದುವೆಮನೆಗೆ ಹೋಗುವಂತಿಲ್ಲ.

ಡೇಟಾ ಕಳವು ಅಂದ ಕೂಡಲೇ ಜನ ಎಲ್ಲೋ ಕತ್ತಲ ಕೋಣೆಯಲ್ಲಿ ಕೂತ ಹ್ಯಾಕರನನ್ನು ನೆನೆಯುತ್ತಾರೆ. ನನ್ನ ಅನುಭವದಲ್ಲಿ ಮಾಹಿತಿ ಸೋರುವುದು ಸಲಿಗೆಯಿಂದ, ಉಪಕಾರದ ಗುಣದಿಂದ. ಎಚ್‌ಆರ್‌ನವರು ನಾಲ್ಕು ಜನಕ್ಕೆ ಬೇಕಾದವರಾಗಿರಬೇಕು ಎಂದು ಬಯಸುವ ಜಾತಿ. ಬ್ಯಾಂಕಿನಿಂದ ಮಾತಾಡ್ತಿದೀನಿ, ನಿಮ್ಮವರೊಬ್ಬರ ಲೋನ್ ವೆರಿಫಿಕೇಶನ್ ಎಂದು ಯಾರಾದರೂ ಫೋನ್ ಮಾಡಿದರೆ ಸಂಬಳ ಹೇಳಿಬಿಡುತ್ತೇವೆ. ಹುಡುಗಿ ನೋಡಲು ಹೊರಟವರು ಯಾರದೋ ಪರಿಚಯ ಹಿಡಿದು ಬಂದು, 'ಹುಡುಗ ಪರ್ಮನೆಂಟಾ, ಕೈಗೆಷ್ಟು ಬರುತ್ತೆ?' ಎಂದು ಕೇಳಿದರೆ ಟೀ ಕೊಟ್ಟು ಹೇಳಿಬಿಡುತ್ತೇವೆ. ಒಳ್ಳೆಯ ಕೆಲಸ ಮಾಡಿದೆವೆಂಬ ತೃಪ್ತಿ ಬೇರೆ.

ಇನ್ನೊಂದು ಸಣ್ಣ ವಿಷಯ ಹೇಳುತ್ತೇನೆ, ಸಣ್ಣದೆನಿಸುತ್ತದೆ ಅಷ್ಟೆ. ಸ್ಯಾಲರಿ ಸ್ಲಿಪ್ ಈಗ ಪಿಡಿಎಫ್‌ನಲ್ಲಿ ಬರುತ್ತದೆ, ಅದಕ್ಕೆ ಪಾಸ್‌ವರ್ಡ್ ಇರುತ್ತದೆ. ಎಷ್ಟೋ ಕಡೆ ಆ ಪಾಸ್‌ವರ್ಡ್ ಏನು? ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ದಿನಾಂಕ. ಅದೇ ಆಫೀಸಿನ ನೋಟೀಸ್ ಬೋರ್ಡಿನಲ್ಲಿ ಬಲೂನಿನ ಚಿತ್ರ ಬಿಡಿಸಿ 'ಈ ತಿಂಗಳ ಹುಟ್ಟುಹಬ್ಬಗಳು' ಎಂದು ಹೆಸರು, ತಾರೀಕು ಹಾಕಿರುತ್ತೇವೆ. ಬೀಗ ಹಾಕಿ ಕೀಯನ್ನು ಬಾಗಿಲಿಗೇ ನೇತುಹಾಕಿದಂತೆ.

ಒಳಗಿನವರೇ ಕೆಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಮಾರಿಸನ್ಸ್ ಸೂಪರ್‌ಮಾರ್ಕೆಟ್ ಪ್ರಕರಣವನ್ನು ನಾನು ಟ್ರೈನಿಂಗಿನಲ್ಲಿ ಹೇಳುವುದುಂಟು. ಆಂಡ್ರ್ಯೂ ಸ್ಕೆಲ್ಟನ್ ಎಂಬ ಒಳಗಿನ ಆಡಿಟರ್. ಶಿಸ್ತುಕ್ರಮ ತೆಗೆದುಕೊಂಡರೆಂದು ಕಂಪನಿಯ ಮೇಲೆ ಅವನಿಗೆ ಸಿಟ್ಟು. ಹೊರಗಿನ ಲೆಕ್ಕಪರಿಶೋಧಕರಿಗೆ ಕಳಿಸಲೆಂದು ಸಂಬಳದ ಪಟ್ಟಿ ಅವನ ಕೈಗೆ ಬಂತು. ಒಂದು ಪ್ರತಿ ತಾನಿಟ್ಟುಕೊಂಡ. 2014ರ ಜನವರಿಯಲ್ಲಿ ಸುಮಾರು ಒಂದು ಲಕ್ಷ ನೌಕರರ ಹೆಸರು, ವಿಳಾಸ, ಬ್ಯಾಂಕ್ ಖಾತೆ, ಸಂಬಳ ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕಿಬಿಟ್ಟ. ಅವನಿಗೆ ಎಂಟು ವರ್ಷ ಜೈಲಾಯಿತು. ನೌಕರರು ಕಂಪನಿಯ ಮೇಲೆ ದಾವೆ ಹೂಡಿದರು. 2020ರ ಏಪ್ರಿಲಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸ್ವಂತ ಸೇಡಿಗಾಗಿ ಅವನು ಮಾಡಿದ್ದಕ್ಕೆ ಕಂಪನಿ ಹೊಣೆಯಲ್ಲ ಎಂದಿತು. ಅಲ್ಲಿಗೆ ಆ ನೌಕರರ ಕಥೆ ಮುಗಿಯಿತು.

ಮೋಸಹೋಗಿ ಕೊಟ್ಟುಬಿಡುವುದು ಇನ್ನೊಂದು ಬಗೆ. 2016ರಲ್ಲಿ ಸ್ನ್ಯಾಪ್‌ಚಾಟ್ ಕಂಪನಿಯ ಸಂಬಳ ವಿಭಾಗದ ಒಬ್ಬರಿಗೆ ಕಂಪನಿಯ ಮುಖ್ಯಸ್ಥರ ಹೆಸರಿನಲ್ಲಿ ಈಮೇಲ್ ಬಂತು, ನೌಕರರ ಸಂಬಳದ ವಿವರ ಕಳಿಸಿ ಎಂದು. ಕಳಿಸಿದರು. ಮೇಲ್ ಬರೆದಿದ್ದವನು ವಂಚಕ. ದೊಡ್ಡ ಸಾಹೇಬರು ಕೇಳಿದ ಮೇಲೆ 'ಯಾಕೆ ಸಾರ್?' ಎನ್ನುವ ಧೈರ್ಯ ಅಮೆರಿಕದಲ್ಲೂ ಕಮ್ಮಿಯೇ ಅಂತ ಕಾಣುತ್ತದೆ. ನಮ್ಮ ಎಂ.ಡಿ. ಹೆಸರಿನಲ್ಲಿ ನನಗೂ ಎರಡು ಸಲ ಹೊಸ ನಂಬರಿನಿಂದ ಇಂಥ ಮೆಸೇಜು ಬಂದಿದೆ. ನಾನು ಅವರ ಹಳೇ ನಂಬರಿಗೆ ಫೋನ್ ಮಾಡಿ ಕೇಳಿದೆ. 'ನಾನ್ಯಾಕಮ್ಮಾ ಕೇಳ್ಲಿ, ನನಗೆ ಎಕ್ಸೆಲ್ ತೆಗೆಯೋಕೇ ಬರಲ್ಲ' ಎಂದರು.

ಕೆಲಸಕ್ಕೆ ಸೇರಿದವರ ಪಾಡು ಇದಾದರೆ, ಸೇರದೇ ಹೋದವರದು ಇನ್ನೂ ಕಷ್ಟ. ಅವರ ಕಾಗದಕ್ಕೆ ವಾರಸುದಾರರೇ ಇಲ್ಲ. ನಮ್ಮಲ್ಲಿ ವಾಕ್-ಇನ್ ಇಂಟರ್‌ವ್ಯೂ ಎಂದು ಗೇಟಿಗೆ ಬೋರ್ಡು ಹಾಕಿದರೆ ಬೆಳಿಗ್ಗೆ ಎಂಟಕ್ಕೇ ಐಟಿಐ ಹುಡುಗರ ಸಾಲು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೋಲ್ಡರು. ಬಯೋಡೇಟಾದಲ್ಲಿ ಅಪ್ಪನ ಹೆಸರು, ಊರು, ಹೋಬಳಿ, ಜಾತಿ, ಮೊಬೈಲು. ಯಾರೂ ಕೇಳದಿದ್ದರೂ ಆಧಾರ್ ಜೆರಾಕ್ಸು ಲಗತ್ತಿಸಿರುತ್ತಾರೆ. ಆರು ಜನರನ್ನು ತೆಗೆದುಕೊಂಡರೆ ಮಿಕ್ಕ ನೂರಿಪ್ಪತ್ತು ಬಯೋಡೇಟಾ ಬೀರುವಿನ ಮೇಲೆ ಧೂಳು ತಿನ್ನುತ್ತಾ ಕೂರುತ್ತವೆ. ಆಯುಧಪೂಜೆಗೆ ಕ್ಲೀನ್ ಮಾಡುವಾಗ ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ಕೊಡುತ್ತಿದ್ದೆವು. ಆ ದುಡ್ಡಿನಲ್ಲಿ ಪುರಿ ಖಾರ ತರಿಸುತ್ತಿದ್ದೆವು.

ಒಂದು ವರ್ಷ ಹಬ್ಬ ಕಳೆದು ಎರಡು ತಿಂಗಳಿಗೆ ಗೇಟಿನಿಂದ ಸೆಕ್ಯೂರಿಟಿಯವರು ಕರೆದರು. ಚಳ್ಳಕೆರೆ ಕಡೆಯ ಹುಡುಗ, ಕೈಯಲ್ಲಿ ಬಟ್ಟೆ ಬ್ಯಾಗು, ಮೊಬೈಲಿನಲ್ಲಿ ನಮ್ಮದೇ ಕಂಪನಿ ಹೆಸರಿನ ಆಫರ್ ಲೆಟರು. ಯೂನಿಫಾರ್ಮು, ಹಾಸ್ಟೆಲ್ ಡೆಪಾಸಿಟ್ ಎಂದು 3,500 ರೂಪಾಯಿ ಫೋನ್‌ನಲ್ಲೇ ಕಟ್ಟಿಸಿಕೊಂಡಿದ್ದರು. 'ನಿಮ್ಮವರೇ ಫೋನ್ ಮಾಡಿದ್ದು ಅಕ್ಕಾ. ನಾನು ಇಂಟರ್‌ವ್ಯೂಗೆ ಬಂದಿದ್ದ ತಾರೀಕು, ಐಟಿಐ ಪರ್ಸೆಂಟೇಜು ಎಲ್ಲಾ ಹೇಳಿದ್ರು, ಅದಕ್ಕೇ ನಂಬಿದೆ' ಎಂದ. ಗುಜರಿಗೆ ಹಾಕಿದ ಕಾಗದದಿಂದಲೇ ಹೋಯಿತು ಎಂದು ನಾನು ಸಾಬೀತು ಮಾಡಲಾರೆ. ಆದರೆ ಬಯೋಡೇಟಾದ ಮೂಲೆಯಲ್ಲಿ ಇಂಟರ್‌ವ್ಯೂ ತಾರೀಕನ್ನು ಕೆಂಪು ಪೆನ್ನಿನಲ್ಲಿ ಬರೆದವಳು ನಾನೇ. ಹುಡುಗನಿಗೆ ಬಸ್ ಚಾರ್ಜ್ ಕೊಟ್ಟು ಕಳಿಸಿದೆವು. ಅವನ 3,500 ಯಾರೂ ಕೊಡಲಿಲ್ಲ.

ಮರುವಾರ ಕಾಗದ ಚೂರು ಮಾಡುವ ಮೆಷಿನ್ ಬೇಕೆಂದು ಇಂಡೆಂಟ್ ಹಾಕಿದೆ. 'ಪೇಪರ್ ಹರಿಯೋಕೆ ಮೆಷಿನ್ ಯಾಕಮ್ಮಾ, ಕೈ ಇಲ್ವಾ?' ಎಂದರು ಎಂ.ಡಿ. ಹುಡುಗನ ಕಥೆ ಹೇಳಿದ ಮೇಲೆ ಮಾತಿಲ್ಲದೆ ಸಹಿ ಹಾಕಿದರು.

ಕಾಗದ ಬಿಟ್ಟು ಕಂಪ್ಯೂಟರಿಗೆ ಹೋದರೆ ಕ್ಷೇಮ ಎಂದುಕೊಳ್ಳಬೇಡಿ. 2025ರಲ್ಲಿ ಅಮೆರಿಕದ ಮೆಕ್‌ಡೊನಾಲ್ಡ್ಸ್ ಅಂಗಡಿಗಳಿಗೆ ಕೆಲಸದ ಅರ್ಜಿ ತೆಗೆದುಕೊಳ್ಳುತ್ತಿದ್ದ ಚಾಟ್‌ಬಾಟ್ ವ್ಯವಸ್ಥೆಯನ್ನು ಇಬ್ಬರು ಸಂಶೋಧಕರು ಪರೀಕ್ಷಿಸಿದರು. ಮೆಕ್‌ಡೊನಾಲ್ಡ್ಸ್‌ಗೆ ಅದನ್ನು ನಡೆಸಿಕೊಡುತ್ತಿದ್ದದ್ದು ಪ್ಯಾರಡಾಕ್ಸ್ ಎಂಬ ಬೇರೆ ಕಂಪನಿ. ಅದರ ಒಂದು ಹಳೆಯ ಖಾತೆಯ ಪಾಸ್‌ವರ್ಡ್ 123456. ಒಳಗೆ ಹೊಕ್ಕರೆ 6 ಕೋಟಿ 40 ಲಕ್ಷದವರೆಗಿನ ಅರ್ಜಿ ಸಂಭಾಷಣೆಗಳನ್ನು ತಲುಪುವ ದಾರಿ ತೆರೆದಿತ್ತು. ಅದು ಸಿಕ್ಕಿದ್ದು ಒಳ್ಳೆಯವರಿಗೆ, ಕಂಪನಿಗೆ ತಿಳಿಸಿದರು, ಅದೇ ದಿನ ಮುಚ್ಚಿದರು.

ಈಗ ಕಾನೂನಿಗೆ ಬರೋಣ. ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಗಡುವು ಕೊಟ್ಟಿದ್ದಾರೆ, ಅಂದರೆ 2027ರ ಮೇ. ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಸೋರಿಕೆಯಾದರೆ ದತ್ತಾಂಶ ಸಂರಕ್ಷಣಾ ಮಂಡಳಿಗೂ, ಯಾರ ಮಾಹಿತಿ ಸೋರಿತೋ ಆ ವ್ಯಕ್ತಿಗೂ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ಮಂಡಳಿಗೆ ಪೂರ್ತಿ ವಿವರ ಕೊಡಬೇಕು. ಸಂಬಳದ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಟ್ಟಿದ್ದರೂ ಹೊಣೆ ಕಂಪನಿಯದೇ. 'ಕಂಟ್ರಾಕ್ಟರ್ ಕಡೆಯಿಂದ ಲೀಕಾಗಿದೆ, ನಮಗೆ ಗೊತ್ತಿಲ್ಲ' ಎಂಬ ನಮ್ಮ ಹಳೆಯ ಮಾತು ಇನ್ನು ನಡೆಯುವುದಿಲ್ಲ.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಒಂದು. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕು ಎಂದಿದೆ. ಎಂಟನೇ ಪರಿಚ್ಛೇದದಲ್ಲಿ ಕನ್ನಡ ಇದೆ. ಇಷ್ಟು ವರ್ಷ ನಮ್ಮ ಹೆಲ್ಪರುಗಳು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಇಂಗ್ಲಿಷಿನ ಹನ್ನೆರಡು ಪುಟಕ್ಕೆ 'ಇಲ್ಲಿ, ಇಲ್ಲಿ, ಇಲ್ಲಿ' ಎಂದು ಪೆನ್ಸಿಲಿನ ಗುರುತು ಹಾಕಿದ ಕಡೆ ಸಹಿ ಮಾಡುತ್ತಾ ಬಂದಿದ್ದಾರೆ. ಗುರುತು ಹಾಕಿಕೊಟ್ಟವಳು ನಾನೇ. 'ಕನ್ನಡದಲ್ಲಿ ಕೊಡಿ' ಎಂದು ಕೇಳಲು ಇನ್ನು ಕಾನೂನಿನ ಬಲವಿದೆ.

ಇಷ್ಟವಾಗದ್ದೂ ಇದೆ. ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿರುವ ಅಥವಾ ಆಮೇಲೆ ಡಿಜಿಟಲ್ ಮಾಡಿದ ಮಾಹಿತಿಗೆ ಮಾತ್ರ. ಸ್ಕ್ಯಾನ್ ಮಾಡದ ಬಯೋಡೇಟಾ ಗುಜರಿಗೆ ಹೋದರೆ ಕಾನೂನು ಅದನ್ನು ನೋಡುವುದಿಲ್ಲ. ನನ್ನ ಬೀರು ಕಾನೂನಿನ ಹೊರಗೇ ನಿಂತಿದೆ. ಎರಡನೆಯದು ಏಳನೇ ಕಲಂ. ನೌಕರಿಯ ಉದ್ದೇಶಕ್ಕೆ, ಕಂಪನಿಗೆ ಆಗುವ ನಷ್ಟ ತಪ್ಪಿಸುವುದಕ್ಕೆ ಮಾಹಿತಿ ಬಳಸಿಕೊಳ್ಳಲು ನೌಕರನ ಒಪ್ಪಿಗೆಯೇ ಬೇಡ ಎಂದಿದೆ. ಪಿಎಫ್ ಕಟ್ಟಲು ಪ್ರತಿ ತಿಂಗಳು ಒಪ್ಪಿಗೆ ಕೇಳುತ್ತಾ ಕೂರಲಾಗದು, ಸರಿ. ಆದರೆ 'ನೌಕರಿಯ ಉದ್ದೇಶ' ಎಂಬ ಬಾಗಿಲಲ್ಲಿ ಆನೆಯನ್ನೂ ನುಗ್ಗಿಸಬಹುದು. ನನ್ನ ಮಾಹಿತಿ ತೋರಿಸಿ, ತಿದ್ದಿ, ಅಳಿಸಿ ಎಂದು ಕೇಳುವ ಹಕ್ಕುಗಳನ್ನು ಕಾಯ್ದೆ ಕೊಟ್ಟಿರುವುದು ಒಪ್ಪಿಗೆಯಿಂದಲೋ, ತಾನಾಗಿಯೋ ಮಾಹಿತಿ ಕೊಟ್ಟವರಿಗೆ. ಅಕ್ಷರಶಃ ಓದಿದರೆ ಕೆಲಸ ಸಿಗದೆ ಹೋದ ಹುಡುಗನಿಗೆ ಇರುವ ಹಕ್ಕು ಒಳಗೆ ದುಡಿಯುವವನಿಗೆ ಇಲ್ಲದಂತಾಗುತ್ತದೆ. ಮೂರನೆಯದು ದುಡ್ಡಿನ ಮಾತು. ಆ 250 ಕೋಟಿ ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಮಾನ ಹೋದವನಿಗೆ ಬಿಡಿಗಾಸಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಪರಿಹಾರ ಕೇಳಲು 43ಎ ಎಂಬ ಕಲಂ ಇದೆ, ಅದನ್ನು ಈ ಹೊಸ ಕಾಯ್ದೆಯೇ ತೆಗೆದುಹಾಕುತ್ತಿದೆ. ಅದೂ ಹೋದ ಮೇಲೆ ನನ್ನ ಹಾವೇರಿಯವನು ಬಂದು ಕೇಳಿದರೆ ನಾನು ಯಾವ ಕಲಂ ತೋರಿಸಲಿ?

ಕೆಲವು ಮಾಹಿತಿಗೆ ಬೇರೆ ಕಾನೂನುಗಳ ಬೇಲಿ ಇದೆ, ಅದು ಎಷ್ಟೋ ಎಚ್‌ಆರ್‌ನವರಿಗೇ ಗೊತ್ತಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ದೂರು, ದೂರು ಕೊಟ್ಟವಳ ಹೆಸರು, ವಿಚಾರಣೆಯ ವಿವರ ಇವನ್ನು ಬಹಿರಂಗ ಮಾಡಬಾರದೆಂದು 2013ರ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ.

ಬೆರಳಿನ ಗುರುತಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮಲ್ಲಿ ಮಸ್ಟರ್ ರೋಲ್ ಹೋಗಿ ಪಂಚಿಂಗ್ ಕಾರ್ಡು ಬಂತು, ಅದು ಹೋಗಿ ಬೆರಳೊತ್ತುವ ಮೆಷಿನ್ ಬಂತು. ಮಾರಲು ಬಂದವನಿಗೆ ನಾನು ಕೇಳಿದೆ, 'ಬೆರಳಿನ ಗುರುತು ಎಲ್ಲಿ ಉಳಿಯುತ್ತಪ್ಪಾ?' 'ಅದೆಲ್ಲಾ ಕ್ಲೌಡ್‌ನಲ್ಲಿರುತ್ತೆ ಮೇಡಂ' ಎಂದ. ಯಾರ ಕ್ಲೌಡು ಎಂದರೆ ನಕ್ಕ. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು, ಹೆಬ್ಬೆರಳು ಕಳುವಾದರೆ? ಅಮೆರಿಕ ಸರ್ಕಾರದ ಸಿಬ್ಬಂದಿ ಆಡಳಿತ ಕಚೇರಿ, ಅಂದರೆ ಆ ಸರ್ಕಾರದ ಎಚ್‌ಆರ್ ವಿಭಾಗ, ಇದನ್ನು 2015ರಲ್ಲಿ ಅನುಭವಿಸಿತು. ಹಿನ್ನೆಲೆ ತಪಾಸಣೆಗೆ ಅರ್ಜಿ ತುಂಬಿದವರೂ ಅವರ ಮನೆಯವರೂ ಸೇರಿ 2 ಕೋಟಿ 15 ಲಕ್ಷ ಜನರ ದಾಖಲೆ ಕಳವಾಯಿತು. ಅದರಲ್ಲಿ 56 ಲಕ್ಷ ಜನರ ಬೆರಳಚ್ಚೂ ಹೋಯಿತು. ಅವರೆಲ್ಲ ಅದೇ ಬೆರಳುಗಳೊಂದಿಗೆ ಬದುಕಬೇಕು. ಇದನ್ನು ಓದಿದ ಮೇಲೆ ನಾವು ಕಾರ್ಡಿಗೇ ವಾಪಸಾದೆವು. ಒಬ್ಬರ ಕಾರ್ಡು ಇನ್ನೊಬ್ಬರು ಪಂಚ್ ಮಾಡುತ್ತಾರೆಂದು ಪ್ರೊಡಕ್ಷನ್ ಮ್ಯಾನೇಜರ್ ಈಗಲೂ ಗೊಣಗುತ್ತಾರೆ. ಮಾಡುತ್ತಾರೆ, ನಿಜ. ಅದನ್ನು ಹಿಡಿಯಲು ಸೂಪರ್‌ವೈಸರ್ ಇದ್ದಾನಲ್ಲ.

ಇನ್ನು ನನ್ನದೇ ಒಂದು ತಪ್ಪೊಪ್ಪಿಗೆ. ನನ್ನ ಹತ್ತಿರ ಹಸಿರು ರಟ್ಟಿನ ನೋಟ್‌ಬುಕ್ ಒಂದಿತ್ತು. ಯಾರು ಏನು ಹೇಳಿಕೊಂಡರೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. 'ಇವಳ ಗಂಡ ಕುಡೀತಾನೆ, ಸೋಮವಾರ ರಜಾ ಹಾಕ್ತಾಳೆ.' 'ಇವನ ಮಗನಿಗೆ ಫಿಟ್ಸ್.' ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು, ಕಷ್ಟಕ್ಕೆ ಆಗೋಣ ಅಂತ. ಆಮೇಲೆ ಜರ್ಮನಿಯ ನ್ಯೂರೆಂಬರ್ಗ್‌ನ ಸುದ್ದಿ ಓದಿದೆ. ಅಲ್ಲಿ ಎಚ್ ಅಂಡ್ ಎಂ ಬಟ್ಟೆ ಕಂಪನಿಯ ಸೇವಾ ಕೇಂದ್ರದಲ್ಲಿ, ರಜೆಯಿಂದಲೋ ಕಾಯಿಲೆಯಿಂದಲೋ ಮರಳಿದವರನ್ನು ಕೂರಿಸಿಕೊಂಡು ಮೇಲ್ವಿಚಾರಕರು 'ಹೇಗಿದ್ದೀರಿ' ಎಂದು ವಿಚಾರಿಸುವುದು, ಕೇಳಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದಿಡುವುದು. ಕಾಯಿಲೆಯ ಹೆಸರು, ಮನೆಜಗಳ, ದೇವರ ಮೇಲಿನ ನಂಬಿಕೆ ಏನೂ ಬಿಟ್ಟಿರಲಿಲ್ಲ. 2019ರ ಅಕ್ಟೋಬರಿನಲ್ಲಿ ಒಂದು ತಾಂತ್ರಿಕ ತಪ್ಪಿನಿಂದ ಅದೆಲ್ಲ ಕೆಲವು ಗಂಟೆ ಇಡೀ ಕಂಪನಿಗೆ ಕಾಣುವಂತಾಯಿತು. ಹ್ಯಾಂಬರ್ಗ್‌ನ ದತ್ತಾಂಶ ಅಧಿಕಾರಿ ಮರುವರ್ಷ ಹಾಕಿದ ದಂಡ 3 ಕೋಟಿ 53 ಲಕ್ಷ ಯೂರೋ. ನನ್ನ ಹಸಿರು ಪುಸ್ತಕಕ್ಕೂ ಅದಕ್ಕೂ ಏನು ವ್ಯತ್ಯಾಸ? ದಸರಾಗೆ ಊರಿಗೆ ಹೋದಾಗ ಅದನ್ನು ಹಂಡೆಯೊಲೆಗೆ ಹಾಕಿದೆ. ಅವತ್ತು ಸ್ನಾನದ ನೀರು ಚೆನ್ನಾಗಿ ಕಾದಿತ್ತು.

ಈಗ ನಮ್ಮಲ್ಲಿ ಹೇಗೆ ನಡೆಯುತ್ತಿದೆ ಎಂದರೆ, ಮೊದಲು ಕೇಳುವುದನ್ನೇ ಕಮ್ಮಿ ಮಾಡಿದೆವು. ಇಂಟರ್‌ವ್ಯೂಗೆ ಬರುವವರಿಂದ ಆಧಾರ್, ಪ್ಯಾನ್, ಬ್ಯಾಂಕ್ ಯಾವುದೂ ಬೇಡ. ಸೆಲೆಕ್ಟ್ ಆದ ಮೇಲೆ ತಂದರೆ ಸಾಕು. ಜಾತಿ, ಮದುವೆ, 'ಯಾವಾಗ ಮಕ್ಕಳು' ಎಂಬ ಪ್ರಶ್ನೆ ಅರ್ಜಿ ನಮೂನೆಯಿಂದ ಹೋಯಿತು. ಅದನ್ನು ತೆಗೆಯಲು ನಮಗೆ ಇಪ್ಪತ್ತು ವರ್ಷ ಯಾಕೆ ಬೇಕಾಯಿತೋ. ಸೆಲೆಕ್ಟ್ ಆಗದವರ ಬಯೋಡೇಟಾ ಆರು ತಿಂಗಳಿಗೆ ಮೆಷಿನ್ನಿಗೆ. ಸ್ಯಾಲರಿ ಶೀಟು ಎರಡು ತುಂಡಾಗಿದೆ, ಬ್ಯಾಂಕಿಗೆ ಹೋಗುವುದರಲ್ಲಿ ಖಾತೆ ಮತ್ತು ನಿವ್ವಳ ಮೊತ್ತ ಬಿಟ್ಟರೆ ಏನೂ ಇಲ್ಲ. ಕಡಿತಗಳ ಕಾಲಂಗಳು ಆಫೀಸಿನ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಸಂಬಳದ ವಿಷಯ ವಾಟ್ಸ್‌ಆ್ಯಪಿನಲ್ಲಿ ಮಾತಾಡುವಂತಿಲ್ಲ, ಎಂ.ಡಿ. ಆದರೂ ಸರಿ. ಫೋನಿನಲ್ಲಿ ಬ್ಯಾಂಕಿನವರು ಕೇಳಿದರೆ 'ಈಮೇಲ್ ಮಾಡಿ, ನಮ್ಮ ನೌಕರರನ್ನು ಕೇಳಿ ಹೇಳುತ್ತೇವೆ' ಎನ್ನುತ್ತೇವೆ. ಹುಡುಗ ಪರ್ಮನೆಂಟಾ ಎಂದು ಕೇಳಿಕೊಂಡು ಬರುವವರಿಗೆ ಟೀ ಈಗಲೂ ಕೊಡುತ್ತೇವೆ.

ನೀವು ಕೆಲಸ ಹುಡುಕುತ್ತಿದ್ದರೆ ನಿಮ್ಮ ಕೈಯಲ್ಲೂ ಕೆಲವಿದೆ. ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತದೆ. ಪಿಎಫ್‌ಗೆ ಪೂರ್ತಿ ಸಂಖ್ಯೆ ಬೇಕು, ಅದು ಸೇರಿದ ಮೇಲಿನ ಮಾತು. ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ 'ಇಂಥ ಕಂಪನಿಯ ಕೆಲಸದ ಅರ್ಜಿಗೆ ಮಾತ್ರ' ಎಂದು ಬರೆದು ತಾರೀಕು, ಸಹಿ ಹಾಕಿ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಈಮೇಲ್ ತೆರೆದು ಪ್ರಿಂಟ್ ತೆಗೆಸಿದರೆ ಲಾಗೌಟ್ ಮಾಡಿ, ಡೌನ್‌ಲೋಡ್ ಆದ ಫೈಲನ್ನು ಅಳಿಸಿಯೇ ಎದ್ದುಬನ್ನಿ. ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಿದರೆ ಅವರು ಕೆಲಸ ಕೊಡುವವರಲ್ಲ.

ಹಾವೇರಿಯವನು ನಾಲ್ಕು ವರ್ಷದ ಮೇಲೆ ಒಂದು ಸಲ ಫೋನ್ ಮಾಡಿದ್ದ. ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತ್ತು, ಪಿಎಫ್ ವರ್ಗಾವಣೆಯಲ್ಲಿ ಸೇರಿದ ತಾರೀಕು ತಪ್ಪಿತ್ತು. ಸರಿಮಾಡಿಕೊಟ್ಟೆ. ಇಡುವ ಮೊದಲು ಕೇಳಿದ, 'ಮೇಡಂ, ನನ್ನ ಫೈಲಿನ್ಯಾಗ ಆ ಕೋರ್ಟಿನ ಕಾಗದ ಇನ್ನೂ ಐತೇನ್ರಿ?' ಎದ್ದುಹೋಗಿ ಬೀರು ತೆಗೆದು ನೋಡಿದೆ. ಇತ್ತು. ಯಾರು ಬೇಕಾದರೂ ತೆಗೆದು ಓದಬಹುದಾದಂತೆ, ಮೇಲೆಯೇ ಇತ್ತು. ಲೆಕ್ಕಕ್ಕೆ ಬೇಕಾದ ಆದೇಶವನ್ನು ಲಕೋಟೆಗೆ ಹಾಕಿ ಅಂಟಿಸಿ, ಯಾರು ಯಾವಾಗ ಒಡೆಯಬಹುದೆಂದು ಮೇಲೆ ಬರೆದೆ. ಮಿಕ್ಕ ಜೆರಾಕ್ಸ್ ಪ್ರತಿಗಳನ್ನು ಅವನು ಲೈನಿನಲ್ಲಿರುವಾಗಲೇ ಮೆಷಿನ್ನಿಗೆ ಕೊಟ್ಟೆ. ಆ ಸದ್ದು ಅವನಿಗೆ ಕೇಳಿಸಿತು.

ಅದಾದ ಮೇಲೆ ಒಂದು ಕ್ರಮ ಮಾಡಿದ್ದೇನೆ. ಪ್ರತಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮಲ್ಲಿ ಯಾರು ಬೇಕಾದರೂ ಬಂದು ತಮ್ಮ ಫೈಲನ್ನು ತೆರೆದು ನೋಡಬಹುದು, ತಪ್ಪಿದ್ದರೆ ತಿದ್ದಿಸಬಹುದು, ಇದು ಇಲ್ಲಿ ಯಾಕಿದೆ ಎಂದು ಕೇಳಬಹುದು. ಕಾನೂನು ಕೇಳಿರಲಿ ಬಿಡಲಿ. 140 ಜನರಲ್ಲಿ ಇದುವರೆಗೆ ಬಂದವರು ಒಂಬತ್ತು ಜನ. ಅವರಲ್ಲಿ ಇಬ್ಬರ ಫೈಲಿನಲ್ಲಿ ಬೇರೆಯವರ ಆಧಾರ್ ಜೆರಾಕ್ಸ್ ಸಿಕ್ಕಿತು. ನಿಮ್ಮ ಆಫೀಸಿನಲ್ಲೂ ಹೋಗಿ ಕೇಳಿ.